ನೀರಿನಲ್ಲಿ ಕೈ ಹಿಡಿಯುವ ಅಣು

ಮೇಲೂರಿನ ನಮ್ಮ ಮನೆಗೆ ಯಾರೇ ನೆಂಟರು ಬಂದರೂ, ಮಗಳು ಏನು ಮಾಡ್ತಾಳೆ ಅಂತ ಕೇಳುತ್ತಿದ್ದರು. ಅಮ್ಮ "ಅಣು ಮಾಡ್ತಾಳೆ" ಎನ್ನುತ್ತಿದ್ದಳು. ಬಂದವರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಬಾಂಬಾ ಅಂತ ಕೇಳಲು ಧೈರ್ಯ ಸಾಲದೆ, ಟೊಮೊಟೊ ರೇಟಿನ ಮಾತಿಗೆ ಹೋಗುತ್ತಿದ್ದರು.

ನಾನು ಮಾಡುತ್ತಿದ್ದದ್ದು ಪುಟ್ಟ ಬುಟ್ಟಿಯಂಥ ಅಣು. ಅದರ ಕೆಲಸ ಇನ್ನೊಂದು ಅಣುವನ್ನು ಹಿಡಿದುಕೊಳ್ಳುವುದು, ಹಿಡಿದಾಗ ನೀಲಿಯಾಗಿ ಹೊಳೆಯುವುದು. ನಮ್ಮ ಕಡೆ ರೇಷ್ಮೆಗೂಡು ಬೇಯಿಸಿದ ನೀರಿನಲ್ಲಿ ರೇಷ್ಮೆಯ ಅಂಟು ಕರಗಿರುತ್ತದೆ. ಅಂಟೆಂದರೆ ಪ್ರೋಟೀನು, ಅದರ ಚೂರುಗಳು ಪೆಪ್ಟೈಡುಗಳು. ಪೆಪ್ಟೈಡಿನ ಒಂದು ತುದಿಯಲ್ಲಿ ಕಾರ್ಬಾಕ್ಸಿಲೇಟ್ ಎಂಬ ಬಾಲವಿರುತ್ತದೆ. ಹುಳಿ ಪದಾರ್ಥಗಳಿಗೆ ಹುಳಿ ಕೊಡುವುದೂ ಇದೇ ಬಾಲವೇ. ನನ್ನ ಅಣು ಆ ಬಾಲ ಹಿಡಿಯಬೇಕು, ಅದೂ ನೀರಿನಲ್ಲಿ.

ನೀರಿನಲ್ಲಿ ಎಂಬುದೇ ತಾಪತ್ರಯ. ಬೇರೆ ದ್ರಾವಕಗಳಲ್ಲಿ ನನ್ನ ಅಣು ಚೆನ್ನಾಗಿಯೇ ಹಿಡಿಯುತ್ತಿತ್ತು. ನೀರಿಗೆ ಹಾಕಿದರೆ ಮಾತ್ರ ಕಂಗಾಲು. ನೀರು ಎರಡನ್ನೂ ಸುತ್ತುವರಿದು ಒಂದರ ಹತ್ತಿರ ಇನ್ನೊಂದನ್ನು ಬಿಡುವುದಿಲ್ಲ. ಮದುವೆಮನೆಯಲ್ಲಿ ಹೆಣ್ಣು ಗಂಡು ಎರಡು ಮಾತಾಡೋಣವೆಂದರೆ ನೆಂಟರು ಬಿಡುತ್ತಾರೆಯೇ, ಹಾಗೆ.

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನನ್ನ ಪಿಎಚ್.ಡಿ. ಗೈಡು ಗೌರಿಬಿದನೂರು ಕಡೆಯವರು, ನಗುವುದನ್ನು ಯಾವ ಕಾಲದಲ್ಲೋ ಬಿಟ್ಟವರು. ಮೂರು ವರ್ಷ ತಾಳ್ಮೆಯಿಂದ ನೋಡಿ, ಈ ಬೇಸಿಗೆಯಲ್ಲಿ ಹೇಳಿಬಿಟ್ಟರು.

"ನೋಡಮ್ಮ, ಈ ಸಲದ ಅಣುನೂ ನೀರಲ್ಲಿ ಹಿಡೀಲಿಲ್ಲ ಅಂದ್ರೆ ಬಿಟ್ಬಿಡಣ. ಬೇರೆ ವಿಷಯ ತಗೊ. ಮೂರು ವರ್ಷ ಹೋಯ್ತು ಅನ್ಕೊ."

ಹೋಯ್ತು ಅನ್ಕೊಳ್ಳೋಕೆ ಅದೇನು ತಪ್ಪಿಹೋದ ಬಸ್ಸಾ? ಆದರೂ "ಆಗ್ಲಿ ಸಾರ್" ಎಂದೆ.

ಅದೇ ಬೇಸಿಗೆಯಲ್ಲಿ ಕಾಲೇಜಿನ ಬೋರ್‌ವೆಲ್ ನೀರು ಕೆಟ್ಟಿತು. ಗಾಜು ತೊಳೆದರೆ ಬಿಳಿ ಕಲೆ. ಎಲ್ಲ ಸೀಸೆ ತೊಳೆಯುವಷ್ಟು ಬಟ್ಟಿ ನೀರು ಲ್ಯಾಬಿನಲ್ಲಿ ಸಿಗದು. ಹಾಗಾಗಿ ನನ್ನ ಕಂದು ಬಣ್ಣದ ಸೀಸೆಗಳನ್ನು ಮನೆಗೆ ತಂದೆ. ಅಮ್ಮ ಫಿಲ್ಟರ್ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಮುಚ್ಚಳ ಹಾಕಿ ಕೊಡುತ್ತಿದ್ದಳು. ನಾನು ಲ್ಯಾಬಿಗೆ ಒಯ್ದು ಅದರಲ್ಲಿ ಬಟ್ಟಿ ಇಳಿಸಿದ ನೀರು ತುಂಬಿಕೊಳ್ಳುತ್ತಿದ್ದೆ.

ಹೊಸ ಅಣುವನ್ನು ಆ ನೀರಿಗೆ ಹಾಕಿ, ಹೊಳಪು ನೋಡುವ ನೇರಳಾತೀತ ದೀಪದ ಕೆಳಗಿಟ್ಟೆ. ನೀಲಿಯಾಗಿ ಹೊಳೆಯಿತು. ನಾನಿನ್ನೂ ಪೆಪ್ಟೈಡ್ ಹಾಕಿಯೇ ಇರಲಿಲ್ಲ. ಹಾಕಿದ ಮೇಲೂ ಅಷ್ಟೇ ಹೊಳಪು. ಮದುಮಗ ಬರುವ ಮುಂಚೆಯೇ ಕೊರಳಿಗೆ ತಾಳಿ ಬಿದ್ದಂತೆ. ಇನ್ನೊಂದು ಸೀಸೆಯ ನೀರು ತಗೊಂಡೆ, ಮತ್ತೊಂದರದ್ದು ತಗೊಂಡೆ, ಎಲ್ಲದರಲ್ಲೂ ಇದೇ ಕಥೆ.

ಗೈಡು ಬಗ್ಗಿ ನೋಡಿದರು. "ಅಣುನೇ ಕೊಳಕಾಗಿದೆ. ಚೆಲ್ಬಿಡು. ಸೋಮವಾರ ಹೊಸ ವಿಷಯ ಮಾತಾಡಣ."

ಆ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದೆ. ಅಮ್ಮ ಒಣಗಿದ ಸೀಸೆಯೊಂದನ್ನು ಎತ್ತಿಕೊಂಡು, ಡಬ್ಬಿಯಿಂದ ಏನನ್ನೋ ಚಿಟಿಕೆ ತೆಗೆದು ಒಳಗೆ ಉದುರಿಸಿ, ಮುಚ್ಚಳ ತಿರುಗಿಸಿದಳು.

"ಏನಮ್ಮ ಅದು?"

"ನಿಂಬೆ ಉಪ್ಪು."

"ಯಾಕೆ?"

"ಬೇರೆಯವ್ರ ಪಾತ್ರೆ ಖಾಲಿ ವಾಪಸ್ ಕಳಿಸ್ಬಾರ್ದು ಕಣೇ. ಕಾಲೇಜಿಂದಲ್ವಾ ಇದು. ಸಕ್ಕರೆ ಹಾಕಣ ಅಂದ್ರೆ ಇರುವೆ ಬರುತ್ತೆ."

ನಮ್ಮ ಬೀದಿಯಲ್ಲಿ ಯಾರ ಮನೆಯ ಬಟ್ಟಲೂ ಬರಿದಾಗಿ ಹಿಂತಿರುಗುವುದಿಲ್ಲ, ನಿಜ. ಸಕ್ಕರೆಯೋ, ಅಕ್ಕಿಯೋ, ಕೊನೆಗೆ ಕರಿಬೇವಿನ ಎಸಳೋ ಇರಲೇಬೇಕು. ಆದರೆ ಇರುವೆಯ ಬಗ್ಗೆ ಅಷ್ಟು ದೂರ ಯೋಚಿಸಿದವಳು ನನ್ನ ಬಗ್ಗೆ ಯೋಚಿಸಬಾರದಿತ್ತೇ! ನಾನು ಕಿರುಚಿದೆ. "ಮೂರು ವರ್ಷ ಮಣ್ಣುಪಾಲು ಮಾಡ್ಬಿಟ್ಟೆ ಕಣಮ್ಮ!" ಅಮ್ಮನ ತವರು ಚಿಂತಾಮಣಿ. ಅವಳಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಅವತ್ತು ತೆಲುಗೂ ಬರಲಿಲ್ಲ. ಚಿಟಿಕೆ ಹಿಡಿದಿದ್ದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಳು.

ಇನ್ನೂ ಬೈಯುವುದಿತ್ತು. ಬೈಯುತ್ತಿರುವಾಗಲೇ ತಲೆಗೆ ಹೊಳೆಯಿತು: ನಿಂಬೆ ಉಪ್ಪೆಂದರೆ ಸಿಟ್ರಿಕ್ ಆಮ್ಲ. ಅದಕ್ಕೆ ಒಂದಲ್ಲ, ಮೂರು ಕಾರ್ಬಾಕ್ಸಿಲೇಟ್ ಬಾಲ. ಹಾಗಾದರೆ ನನ್ನ ಅಣು ಕೊಳಕಾಗಿರಲಿಲ್ಲ. ಅದು ನೀರಿನಲ್ಲಿ ಹಿಡಿದಿತ್ತು. ಪೆಪ್ಟೈಡ್ ಬರುವಷ್ಟರಲ್ಲಿ ಬುಟ್ಟಿ ಭರ್ತಿಯಾಗಿತ್ತು, ಅಷ್ಟೆ.

ಅಮ್ಮನಿಗೆ ಏನೂ ಹೇಳಲಿಲ್ಲ. ಹೇಳಿ, ಆಮೇಲೆ ಸುಳ್ಳಾದರೆ? ದಿನವಿಡೀ ಇಬ್ಬರೂ ಮಾತಾಡಲಿಲ್ಲ. ಸೋಮವಾರ ಮೊದಲ ಬಸ್ಸಿಗೆ ಹೊರಟೆ.

ಒಂದು ಸೀಸೆಯನ್ನು ನಾನೇ ಬಟ್ಟಿ ನೀರಿನಲ್ಲಿ ತೊಳೆದೆ, ಹೊಸ ನೀರು ತುಂಬಿದೆ, ಅಣು ಹಾಕಿ ದೀಪದ ಕೆಳಗಿಟ್ಟೆ. ಕತ್ತಲು. ಕತ್ತಲನ್ನು ನೋಡಿ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಗೈಡು ಪಕ್ಕಕ್ಕೆ ಬಂದು ನಿಂತರು. ರೇಷ್ಮೆ ಅಂಟಿನ ಪೆಪ್ಟೈಡ್ ಹನಿ ಹಾಕಿದೆ. ಏನೂ ಆಗಲಿಲ್ಲ. ಇನ್ನೊಂದು ಹನಿ ಹಾಕಿದೆ. ತಳದಿಂದ ಮೆಲ್ಲಗೆ ನೀಲಿ ಎದ್ದಿತು.

ನನಗೆ ಅಳು ತಡೆಯಲಾಗಲಿಲ್ಲ.

"ಆಚೆ ಹೋಗಿ ಅಳಮ್ಮ," ಎಂದರು ಗೈಡು. "ಕಣ್ಣೀರಲ್ಲೂ ಕಾರ್ಬಾಕ್ಸಿಲೇಟ್ ಇರುತ್ತೆ." ಆಮೇಲೆ, "ನೀರಲ್ಲಿ ಹಿಡೀತು. ಬರ್ಕೊ," ಎಂದರು.

ಆಚೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಅಮ್ಮ, ಹಿಡೀತು ಕಣಮ್ಮ! ನೀರಲ್ಲೇ ಹಿಡೀತು. ನಿನ್ನ ನಿಂಬೆ ಉಪ್ಪನ್ನೂ ಹಿಡಿದಿತ್ತು, ಅದಕ್ಕೇ ಹೊಳೀತಿತ್ತು."

ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು.

"ಹಂಗಾದ್ರೆ," ಎಂದಳು, "ನಿನ್ನ ಮೂರು ವರ್ಷ ನಾನು ಹಾಳು ಮಾಡ್ಲಿಲ್ವಾ?"