ಗುನ್‌ವೋರ್‌ಳ ಹಲಗೆ ಚಾವಡಿ

ಪೊರ್ಸಾಂಗರ್ ಫಿಯೋರ್ಡ್ ಎಂಬ, ನೆಲದೊಳಕ್ಕೆ ಚಾಚಿದ ಉತ್ತರದ ಕಡಲ ದಂಡೆಯ ಶಿಬಿರತಾಣದಲ್ಲಿ ಹವೆ ಕೆಟ್ಟಾಗ ಜನ ಎಲ್ಲಿ ಸೇರುತ್ತಾರೆ ಎಂಬುದು ಗುನ್‌ವೋರ್‌ಗೆ ಮಾನದ ಪ್ರಶ್ನೆ. ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಆಕೆ, ಗಂಡ ಐಲರ್ಟ್‌ನೊಡನೆ ಬೇಸಿಗೆಯನ್ನೆಲ್ಲ ಅಲ್ಲಿಯ, ಕಾರಿಗೆ ಕಟ್ಟಿ ಎಳೆಯುವ ಹಳೆಯ ಕ್ಯಾರವಾನಿನಲ್ಲಿ ಕಳೆಯುತ್ತಾಳೆ. ಕ್ಯಾರವಾನಿಗೆ ಅಂಟಿಕೊಂಡಂತೆ ಇಬ್ಬರೂ ಸೇರಿ ಹಲಗೆ ಹೊಡೆದು ಕಟ್ಟಿದ ಚಾವಡಿಯೊಂದಿದೆ. ಬೆಳಿಗ್ಗೆ ಅಂಗಿ ಕಳಚುವಷ್ಟು ಸೆಕೆ, ಮಧ್ಯಾಹ್ನಕ್ಕೆ ಆಲಿಕಲ್ಲು: ಅಂಥ ಜುಲೈ ದಿನಗಳಲ್ಲಿ ನೆರೆಯವರು ಕಾಫಿ ಲೋಟ ಹಿಡಿದು ಓಡಿಬರುತ್ತಿದ್ದುದು ಅಲ್ಲಿಗೇ. ಗುನ್‌ವೋರ್ ಕಾವಲಿಯಲ್ಲಿ ಸಿಹಿ ದೋಸೆಯಂಥ ವಾಫಲ್ ಹುಯ್ಯುತ್ತಿದ್ದಳು.

ಆಮೇಲೆ ಸೋಲ್ಫ್ರಿಡ್ ಎಂಬ ವಿಧವೆ ತನ್ನ ದೊಡ್ಡ ಮನೆಗಾಡಿಯನ್ನು ತಾನೇ ಓಡಿಸಿಕೊಂಡು ಬಂದು ಪಕ್ಕದಲ್ಲಿ ನಿಲ್ಲಿಸಿದಳು. ಅಗಲವಾದ ಕಿಟಕಿ ಫಿಯೋರ್ಡಿಗೆ ಎದುರಾಗಿತ್ತು. ಆ ಬೇಸಿಗೆ ಮಳೆ ಬಂದಾಗಲೆಲ್ಲ ಜನ ಅವಳಲ್ಲಿಗೆ ಹೋದರು.

"ಅಲ್ಲಿ ಕಾಲಡಿ ನೆಲ ಬೆಚ್ಚಗಿರುತ್ತಂತೆ. ಹೇಳಿದ್ದು ನಮ್ಮೆಜಮಾನ್ರೇ," ಎಂದು ಗುನ್‌ವೋರ್ ಆ ತಾಣದಲ್ಲೇ ಗುಡಾರ ಹಾಕಿದ್ದ ನನಗೆ ಹೇಳಿದಳು. "ಇಷ್ಟು ವರ್ಷ ನನ್ನ ಕಾಲು ತಣ್ಣಗಿದ್ದದ್ದು ಅವರ ಗಮನಕ್ಕೇ ಬಂದಿರ್ಲಿಲ್ಲ."

ಒಂದು ಮಧ್ಯಾಹ್ನ ಗಾಳಿ ಏಕಾಏಕಿ ವಾಯವ್ಯಕ್ಕೆ ತಿರುಗಿತು. ಅಡ್ಡಲಾಗಿ ನಿಂತಿದ್ದ ಎತ್ತರದ ಮನೆಗಾಡಿ ದೋಣಿಯಂತೆ ತೂಗಾಡಿತು. ಕಾಫಿ ಪಾತ್ರೆ ಮಗುಚಿತು. ಒಳಗಿದ್ದವರು ಹಿಮ ಬೆರೆತ ಮಳೆಯಲ್ಲಿ ಚಾವಡಿಗೆ ಓಡಿಬಂದರು. ಕೊನೆಗೆ ಬಂದವಳು ಸೋಲ್ಫ್ರಿಡ್.

"ಬನ್ನಿ, ಬನ್ನಿ. ನಮ್ಮ ನೆಲ ತಣ್ಣಗಿದೆ, ಆದ್ರೆ ನೆಟ್ಟಗೆ ನಿಂತಿದೆ," ಎಂದಳು ಗುನ್‌ವೋರ್. ಎಲ್ಲರೂ ನಕ್ಕರು. ಗೆಲುವಿನ ಅಮಲಿನಲ್ಲಿ ಆಕೆ ಮುಂದುವರಿಸಿದಳು: "ಅಲ್ಲಮ್ಮಾ, ನೀರು ನೋಡೋ ಆಸೆಗೆ ಗಾಡೀನ ಗಾಳಿಗೆ ಅಡ್ಡ ನಿಲ್ಲಿಸ್ತಾರಾ? ಮೂತಿ ಗಾಳಿ ಕಡೆ ಇರ್ಬೇಕು. ಇಷ್ಟೂ ಗೊತ್ತಿಲ್ವಾ?"

ಸೋಲ್ಫ್ರಿಡ್ ಮುನಿಯಲಿಲ್ಲ. "ಅಯ್ಯೋ, ಹೌದಲ್ವಾ! ಒಳ್ಳೇದಾಯ್ತು ನೀನು ಹೇಳಿದ್ದು," ಎಂದಳು.

ಮರುದಿನ ಬಿಸಿಲು. ಸೋಲ್ಫ್ರಿಡ್ ಗಾಡಿ ತಿರುಗಿಸುತ್ತಿದ್ದಳು, ಹಿಂದೆ ನಿಂತು "ಬಾ, ಇನ್ನೂ ಬಾ, ಸಾಕು!" ಎಂದು ಕೈಯಾಡಿಸುತ್ತಿದ್ದವನು ಐಲರ್ಟ್.

"ಕ್ಯಾರವಾನ್ ತೊಳೀರಿ ಅಂದ್ರೆ ಸೊಂಟ ನೋವು ಇವರಿಗೆ," ಎಂದಳು ಚಾವಡಿಯಲ್ಲಿ ನನ್ನೊಡನೆ ಕೂತಿದ್ದ ಗುನ್‌ವೋರ್. "ಗೆದ್ದಿದ್ದೆ ನಾನು. ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು."

ಐಲರ್ಟ್ ಮರಳಿ ಬಂದು ಬೂಟು ಕಳಚಿದ. ಆಕೆ ಇನ್ನೂ ಇದನ್ನೇ ಹೇಳುತ್ತಿರುವಾಗ ಕಪ್ಪು ಮೋಡ ಕವಿದು ಆಲಿಕಲ್ಲು ಸುರಿಯತೊಡಗಿತು. ಪಕ್ಕದ ಮನೆಗಾಡಿ ಈ ಸಲ ಅಲುಗಲಿಲ್ಲ; ನೆರೆಯವರು ಅದರೊಳಕ್ಕೆ ಓಡಿದರು. ಅದರ ಬಾಗಿಲಲ್ಲಿ ನಿಂತು ಸೋಲ್ಫ್ರಿಡ್ ಕೂಗಿದಳು:

"ಗುನ್‌ವೋರ್, ಕಾವಲಿ ತಗೊಂಡು ಬಾರೇ! ನೀನಿಲ್ದೆ ವಾಫಲ್ ಯಾರು ಹುಯ್ತಾರೆ?"

ಐಲರ್ಟ್ ಆಗಲೇ ಬೂಟು ಹಾಕಿಕೊಳ್ಳುತ್ತಿದ್ದ. "ಏಳೇ, ಹೋಗೋಣ."

"ಹಿಟ್ಟು ಇನ್ನೂ ಕಲಸಿಲ್ಲ ಅಂತ ಹೇಳ್ರೀ," ಎಂದು ಗುನ್‌ವೋರ್ ಕಲಸಿದ ಹಿಟ್ಟು ತುಂಬಿದ್ದ ಬೋಗುಣಿಯ ಮೇಲೆ ತಟ್ಟೆ ಮುಚ್ಚಿದಳು. ಆತ ಒಬ್ಬನೇ ಹೊರಟ. ಆಕೆ ಕಿಟಕಿಯ ಬಳಿ ನಿಂತಳು.

"ಅವರೆಲ್ಲ ನಗ್ತಿರೋದು ಕೇಳಿಸ್ತಿದೆಯಾ ನಿಮಗೆ?"

ಆಲಿಕಲ್ಲಿನ ಸದ್ದಿನಲ್ಲಿ ಏನೂ ಕೇಳಿಸುತ್ತಿಲ್ಲವೆಂದೆ.

"ನನಗೆ ಕೇಳಿಸ್ತಿದೆ," ಎಂದಳು.