ಗ್ಲೈಡರಿನ ಎಡರೆಕ್ಕೆಯ ತೇಪೆ

ಗೆಳೆಯರೇ, ಇವತ್ತು ಬೆಳಿಗ್ಗೆ ನೌಬಾದದ ನಮ್ಮ ಮನೆಯ ಮಾಳಿಗೆ ಮೇಲೆ ಬಿಳಿ ಚಾದರ ಹಾಸಿ ನನ್ನ ಗ್ಲೈಡರಿನ ಫೋಟೋ ತೆಗೆಯುತ್ತಿದ್ದೆ. ಎಂಜಿನ್ ಇಲ್ಲದ, ಕೈಯಿಂದ ಎಸೆದು ರಿಮೋಟಿನಿಂದ ತಿರುಗಿಸುವ ಪುಟ್ಟ ವಿಮಾನ ಅದು. ಭುಜದ ನೋವಿನಿಂದ ಈಗ ಎಸೆಯಲಾಗುವುದಿಲ್ಲ, ಆನ್‌ಲೈನಿನಲ್ಲಿ ಮಾರೋಣವೆಂದುಕೊಂಡೆ. ಎಡರೆಕ್ಕೆ ಒಮ್ಮೆ ಮುರಿದಿತ್ತು. ನಾನೇ ಅಂಟಿಸಿ, ಗಾಳಿಪಟದ ಕೆಂಪು ಹಾಳೆಯ ತೇಪೆ ಹಚ್ಚಿದ್ದೆ. ಅದು ಫೋಟೋದಲ್ಲಿ ಕಾಣಬಾರದೆಂದು ಒಂದು ತಾಸು ಸುತ್ತಲೂ ಸುತ್ತಿದೆ.

ಹಪ್ಪಳ ಒಣಹಾಕಲು ಬಂದ ಅವ್ವ ಬೆಚ್ಚಿ ನಿಂತಳು.

"ಬಿಳಿ ಚಾದರ ಹಾಸಿ ಹೆಣ ಮಲಗಿಸಿದಂಗ ಮಲಗಿಸೀದಲ್ಲೋ! ಮದಲ ತಗಿ."

ತಾನೇ ಹೊಲಿದ ಕೌದಿ ತಂದು ಹಾಸಿದಳು. ಅದರ ಬಣ್ಣಗಳ ಮೇಲೆ ಬಿಳಿ ರೆಕ್ಕೆ ಎದ್ದು ಕಂಡಿತು. ತೇಪೆಯೂ ಕಂಡಿತು.

"ತ್ಯಾಪಿ ನೋಡಿದ್ರ ಯಾರೂ ತಗೊಳ್ಳಲ್ಲವ್ವಾ," ಎಂದೆ.

"ಈ ಕೌದಿ ತುಂಬ ತ್ಯಾಪೀನೇ ಅವ. ಹುಟ್ಟಿದಾಗಿಂದ ಹೊಚ್ಚಿಕೊಂಡು ಮಲಗೀದಿ, ಒಂದಿನಾರ ಥಂಡಿ ಹತ್ತ್ಯಾದೇನು?"

ತೇಪೆಯದೇ ಹತ್ತಿರದ ಫೋಟೋ ತೆಗೆದು, ಅದನ್ನೇ ಮೊದಲನೆಯದಾಗಿ ಹಾಕಿದೆ.

ಮಧ್ಯಾಹ್ನ ಔರಾದಿನಿಂದ ಒಬ್ಬರ ಫೋನು.

"ಸರ, ಆ ತ್ಯಾಪಿ ಭಾಳ ಛಂದ ಅದರಿ. ಯಾರ ಕಡಿಂದ ಹಾಕ್ಸೀರಿ?"

"ನಾನೇ ಹಾಕೀನ್ರಿ."

"ಹಂಗಾರ ನಾಳಿ ಬರ್ತೇನ್ರಿ. ನಂದೂ ಒಂದು ಮುರದದ, ತರ್ತೇನಿ, ತ್ಯಾಪಿ ಹಾಕಿಕೊಡ್ರಿ."

ಒಂದನ್ನು ಮಾರಲು ಹೊರಟಿದ್ದೆ. ನಾಳೆಯಿಂದ ಮನೆಯಲ್ಲಿ ಎರಡು.