ತರಬೇತಿ ಅಕ್ಕನ ಬೀಜದ ಚಿಂತೆ

ಕೃಷಿ ಕಚೇರಿಗೆ ಕೆಲಸ ಕಲಿಯಲು ಬಂದ ಹುಡುಗಿಯನ್ನು ಊರ ಮಕ್ಕಳೆಲ್ಲ ತರಬೇತಿ ಅಕ್ಕ ಎನ್ನುತ್ತಾರೆ. ಶಾಲೆಯ ಹಿತ್ತಲಲ್ಲಿ ಮಗುವಿಗೊಂದರಂತೆ ಪಾತಿ ಮಾಡಿಸಿ ಹುರುಳಿಕಾಯಿ ಬೀಜ ಊರಿಸಿದ ದಿನದಿಂದ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದೆ. ಮೋಡ ಕವಿದರೆ ಬೀಜ ಕೊಳೆಯಿತೆಂದೂ ಬಿಸಿಲೇರಿದರೆ ಸುಟ್ಟಿತೆಂದೂ ಉಣ್ಣುವ ತಟ್ಟೆ ಬಿಟ್ಟು ಓಡುತ್ತಾಳೆ, ಮಣ್ಣು ಕೆದಕಿ ನೋಡಿ ಮತ್ತೆ ಮುಚ್ಚುತ್ತಾಳೆ. "ಗಳಿಗೆಗೊಮ್ಮೆ ಹೊದಿಕೆ ಎಳೆದು ನೋಡಿದ್ರೆ ಯಾವ ಕೂಸು ಬೆಳೆಯುತ್ತೆ, ತಾಯಿ?" ಎಂದು ಪಕ್ಕದ ಹೊಲದ ಮುದುಕ ಛೇಡಿಸುತ್ತಾನೆ. "ಮೊಳೆಯದೇ ಹೋದ್ರೆ ಆ ಪಾತಿಯ ಮಗು ಮತ್ತೆ ಮಣ್ಣು ಮುಟ್ಟಲ್ಲ, ತಾತ" ಎನ್ನುತ್ತಾ ಅವಳು ಮುಂದಿನ ಪಾತಿಗೆ ಬಾಗುತ್ತಾಳೆ. ಅವಳ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಅದೇ ಬೀಜ ಊರಿದ ಡಬ್ಬಿಗಳ ಸಾಲಿದೆ, ಒಂದೊಂದರ ಮೇಲೆ ಒಂದೊಂದು ಮಗುವಿನ ಹೆಸರು. ಯಾರ ಪಾತಿ ಬರಿದಾದರೂ, ಅವರು ಬರುವ ಮೊದಲೇ ಅಲ್ಲೊಂದು ಸಸಿ ನೆಟ್ಟು ಬರಬೇಕಲ್ಲ.